ಆನೇಕಲ್ಲಿನ ಹಳೆಯ ಮನೆಗೆ ಒಡೆಯರು ಯಾರು?

ತೋಟದ ದಾಖಲೆಗಳ ಮಾತು ಬಂದರೆ ನಮ್ಮ ಸದಸ್ಯರಿಗೆ ಯಾರೂ ಪಾಠ ಹೇಳಬೇಕಾಗಿಲ್ಲ. ಪಹಣಿ, ಮ್ಯುಟೇಷನ್, ಟಿಪ್ಪಣಿ, ಆಕಾರಬಂದ್ ಇವುಗಳಲ್ಲಿ ಯಾವ ಕಾಗದ ಯಾವ ಕಛೇರಿಯಲ್ಲಿದೆ, ಎಷ್ಟು ಸಲ ಅಲೆದರೆ ಕೈಗೆ ಬರುತ್ತದೆ ಎಂಬುದೆಲ್ಲ ಬಾಯಿಪಾಠ. ಆದರೆ ಪೇಟೆಯ ಮನೆಯ ಪ್ರಶ್ನೆ ಎದ್ದರೆ ಅವರೇ ತಬ್ಬಿಬ್ಬಾಗುತ್ತಾರೆ. ಮನೆಗೆ ಪಹಣಿ ಇಲ್ಲ. ಯಾವ ವರ್ಷ ಯಾರ ಸ್ವಾಧೀನದಲ್ಲಿತ್ತು ಎಂದು ಸಾಲಾಗಿ ಹೇಳುವ ಒಂದೇ ಪುಸ್ತಕ ಯಾವ ಕಛೇರಿಯಲ್ಲೂ ಇಲ್ಲ.

ಈ ಲೇಖನಕ್ಕೆ ಕಾರಣವಾದದ್ದು ಸದಸ್ಯರ ಮನೆಗಳಿಂದ ಮತ್ತೆ ಮತ್ತೆ ಬರುವ ಒಂದೇ ಬಗೆಯ ಪ್ರಶ್ನೆ. ಮನೆಯಾಕೆಯ ತವರು ಬಯಲುಸೀಮೆಯ ಯಾವುದೋ ಸಣ್ಣ ಪೇಟೆ. ಅಲ್ಲಿ ತಾತನ ಕಾಲದ ಮನೆಯೊಂದಿದೆ. ಇಷ್ಟು ದಿನ ಅದರ ಸುದ್ದಿಯೇ ಇರಲಿಲ್ಲ. ಈಗ ಅಣ್ಣನಿಂದ ಒಂದು ಲಕೋಟೆ ಬಂದಿದೆ. ಅದರಲ್ಲಿ ಹಕ್ಕು ಬಿಡುಗಡೆ ಪತ್ರದ ಕರಡು. 'ಮನೆ ಮಾರುತ್ತಿದ್ದೇವೆ, ನೀನು ಬಂದು ಒಂದು ರುಜು ಹಾಕಿ ಹೋಗು, ಅರಿಶಿನ ಕುಂಕುಮಕ್ಕೆಂದು ಏನಾದರೂ ಕೊಡುತ್ತೇವೆ' ಎಂದು ಒಕ್ಕಣೆ. ರುಜು ಹಾಕಬೇಕೇ, ಬೇಡವೇ?

ನಾವು ಆರಿಸಿಕೊಂಡಿರುವ ಪೇಟೆ ಆನೇಕಲ್. ಬೆಂಗಳೂರಿನ ಆಗ್ನೇಯಕ್ಕೆ ತಮಿಳುನಾಡಿನ ಗಡಿಗೆ ತಾಗಿದ ತಾಲ್ಲೂಕು. ತಿಮ್ಮರಾಯಸ್ವಾಮಿ ದೇವಸ್ಥಾನ, ಕರಗ, ರೇಷ್ಮೆ ನೇಯ್ಗೆಯವರ ಕೇರಿಗಳು, ಜಗಲಿಯ ಮನೆಗಳು ಇದ್ದ ಊರು. 1978ರಲ್ಲಿ ಹತ್ತಿರದಲ್ಲೇ ಎಲೆಕ್ಟ್ರಾನಿಕ್ ಸಿಟಿ ತಲೆಯೆತ್ತಿತು. ಬೊಮ್ಮಸಂದ್ರ, ಜಿಗಣಿ, ಅತ್ತಿಬೆಲೆಗಳಲ್ಲಿ ಕೈಗಾರಿಕಾ ಪ್ರದೇಶಗಳಾದವು. ಯಾರೂ ಕೇಳದೆ ಹೆಂಚು ಜಾರಿ ಬೀಳುತ್ತಿದ್ದ ಮನೆಗಳ ನಿವೇಶನಕ್ಕೆ ಬೆಲೆ ಬಂತು. ಬೆಲೆ ಬಂದೊಡನೆ, ಒಡೆಯರು ಯಾರು ಎಂಬ ಪ್ರಶ್ನೆಯೂ ಬಂತು.

ಯಾರ ಮನೆಯ ಗುರುತೂ ಸಿಗಬಾರದೆಂದು, ಹಳೆಯ ಪೇಟೆಗಳ ಪತ್ರಗಳಲ್ಲಿ ಸಾಮಾನ್ಯವಾಗಿ ಕಾಣುವ ತೊಡಕುಗಳನ್ನೆಲ್ಲ ಸೇರಿಸಿ ಇಲ್ಲಿ ಒಂದು ಮನೆಯನ್ನು ನಾವೇ ಕಟ್ಟಿಕೊಂಡಿದ್ದೇವೆ. ಆ ಮನೆಯವರ ಇಸವಿಗಳು ಉದಾಹರಣೆಗಾಗಿ ಹಾಕಿದವು. ಕಾಯಿದೆಗಳ ಮತ್ತು ತೀರ್ಪುಗಳ ಇಸವಿಗಳು ಮಾತ್ರ ನಿಜವಾದವು.

ಮನೆ ಹೀಗಿದೆ ಎಂದುಕೊಳ್ಳಿ. ಪೇಟೆಯೊಳಗೆ ಏಳು ಅಂಕಣದ ನಾಡಹೆಂಚಿನ ಮನೆ, ಹಿಂದೆ ಹಿತ್ತಲು, ಬಾವಿ. 1931ರಲ್ಲಿ ತಾತ ಕೊಂಡದ್ದು. 1938ರಲ್ಲಿ ಒಂದು ಮದುವೆಯ ಖರ್ಚಿಗಾಗಿ ಮನೆಯನ್ನು ಸಾಹುಕಾರರೊಬ್ಬರಿಗೆ ಭೋಗ್ಯಕ್ಕೆ ಹಾಕಿ, ಕೆಲವು ವರ್ಷಗಳ ಮೇಲೆ ಹಣ ಕೊಟ್ಟು ಬಿಡಿಸಿಕೊಂಡರು. 1949ರಲ್ಲಿ ತಾತ ತೀರಿಕೊಂಡರು. 1952ರಲ್ಲಿ ಇಬ್ಬರು ಗಂಡುಮಕ್ಕಳು ಪಾಲಾದರು: ಹಿರಿಯನಿಗೆ ಮನೆ, ಕಿರಿಯನಿಗೆ ಹೊಲ. ಮುಂದಿನ ಎರಡು ಅಂಕಣ ಜೀವನಾಂಶಕ್ಕೆಂದು ಅಜ್ಜಿಗೆ, ಅವರು ಬದುಕಿರುವವರೆಗೆ. ಅಜ್ಜಿ 1968ರಲ್ಲಿ ಹೋದರು. ಹಿರಿಯ ಮಗ, ಅಂದರೆ ನಮ್ಮ ಮನೆಯಾಕೆಯ ತಂದೆ, ಹೆಂಡತಿ ತೀರಿಕೊಂಡ ನಾಲ್ಕು ವರ್ಷಕ್ಕೆ, 1983ರಲ್ಲಿ, ಉಯಿಲು ಬರೆಯದೆ ಕಣ್ಣುಮುಚ್ಚಿದರು. ಮಕ್ಕಳು ನಾಲ್ವರು: ಇಬ್ಬರು ಗಂಡು, ಇಬ್ಬರು ಹೆಣ್ಣು. ಖಾತೆ ಹಿರಿಯ ಅಣ್ಣನ ಹೆಸರಿಗೆ ಆಯಿತು. ಅಂದಿನಿಂದ ಕಂದಾಯ ಕಟ್ಟುತ್ತಿರುವವನು ಅವನೇ. 1994ರಲ್ಲಿ ಅವನು ಹಿತ್ತಲನ್ನು ಜಿ.ಪಿ.ಎ. ಮೇಲೆ ಒಬ್ಬರಿಗೆ ಕೊಟ್ಟ. ಈಗ ಇಡೀ ಮನೆಗೇ ಗಿರಾಕಿ ಬಂದಿದ್ದಾರೆ.

ಅಣ್ಣನ ವಾದ ಸರಳವಾದದ್ದು. 'ಖಾತೆ ನನ್ನ ಹೆಸರಿನಲ್ಲಿದೆ, ನಲವತ್ತು ವರ್ಷದ ಕಂದಾಯದ ರಸೀತಿಗಳು ನನ್ನ ಪೆಟ್ಟಿಗೆಯಲ್ಲಿವೆ, ಊರಿಗೆಲ್ಲ ಇದು ನನ್ನ ಮನೆ ಎಂದೇ ಗೊತ್ತು.' ಈ ಮೂರೂ ನಿಜವಿರಬಹುದು, ಆದರೂ ಮನೆ ಅವನೊಬ್ಬನದಾಗುವುದಿಲ್ಲ. ಪುರಸಭೆ ಖಾತೆ ಇಡುವುದು ತೆರಿಗೆ ಯಾರಿಂದ ವಸೂಲು ಮಾಡಬೇಕು ಎಂದು ತಿಳಿಯಲಿಕ್ಕೆ. ದಾಖಲೆಯಲ್ಲಿ ಹೆಸರು ಬದಲಾದ ಮಾತ್ರಕ್ಕೆ ಹಕ್ಕು ಹುಟ್ಟುವುದೂ ಇಲ್ಲ, ಅಳಿಯುವುದೂ ಇಲ್ಲ ಎಂದು ಸುಪ್ರೀಂ ಕೋರ್ಟು 1996ರ ಸಾವರ್ಣಿ ಮೊಕದ್ದಮೆಯಲ್ಲಿ ಜಮೀನಿನ ಮ್ಯುಟೇಷನ್ನಿನ ಬಗ್ಗೆ ಹೇಳಿತು. ಅದೇ ನ್ಯಾಯ ಪೇಟೆಯ ಖಾತೆಗೂ ಸಲ್ಲುತ್ತದೆ. ಹಿರಿಯ ಮಗನ ಹೆಸರಿಗೆ ಖಾತೆಯಾಗುವುದು ನಮ್ಮಲ್ಲಿ ರೂಢಿ; ಯಾರಾದರೊಬ್ಬರು ಕಂದಾಯ ಕಟ್ಟಬೇಕಲ್ಲ. ತಂಗಿಯರೂ ತಮ್ಮನೂ ಅದಕ್ಕೆ ಅಡ್ಡಿ ಹೇಳಲಿಲ್ಲವೆಂದರೆ ಪಾಲು ಬಿಟ್ಟುಕೊಟ್ಟರು ಎಂದಲ್ಲ. ಒಡಹುಟ್ಟಿದವರಲ್ಲಿ ಒಬ್ಬನ ಸ್ವಾಧೀನವನ್ನು ಕಾನೂನು ಎಲ್ಲರ ಪರವಾದ ಸ್ವಾಧೀನವೆಂದೇ ನೋಡುತ್ತದೆ. 'ನಿಮಗೆ ಇದರಲ್ಲಿ ಹಕ್ಕಿಲ್ಲ' ಎಂದು ಬಹಿರಂಗವಾಗಿ ಸಾರಿ, ಅನಂತರ ಹನ್ನೆರಡು ವರ್ಷ ಕಳೆದಿದ್ದರೆ ಮಾತ್ರ ಬೇರೆ ಮಾತು.

ಊರಿಗೆಲ್ಲ ಗೊತ್ತಿರುವುದರ ಬೆಲೆಯೂ ಅಷ್ಟೇ. ಮೈಸೂರಿನ ಯಾದವಗಿರಿಯಲ್ಲಿರುವ ಆರ್.ಕೆ. ನಾರಾಯಣರ ಮನೆ ಲೋಕಕ್ಕೆಲ್ಲ ಅವರ ಮನೆಯೆಂದೇ ಪರಿಚಿತ. ಆದರೆ 2001ರಲ್ಲಿ ಅವರು ತೀರಿಕೊಂಡ ಮೇಲೆ ಅದು ವಾರಸುದಾರರ ಸ್ವತ್ತು. 2011ರಲ್ಲಿ ಕೆಡವುವ ಕೆಲಸ ಶುರುವಾದಾಗ ಓದುಗರು ಎಚ್ಚತ್ತು ಗದ್ದಲವೆಬ್ಬಿಸಿದರು, ಕೆಲಸ ನಿಂತಿತು. ಆದರೂ ಮನೆಯನ್ನು ಉಳಿಸಿ 2016ರಲ್ಲಿ ವಸ್ತುಸಂಗ್ರಹಾಲಯವಾಗಿ ತೆರೆಯಲು ಅದನ್ನು ಹಣ ಕೊಟ್ಟೇ ಪಡೆಯಬೇಕಾಯಿತು. ಅಭಿಮಾನಕ್ಕೆ ಕ್ರಯಪತ್ರವಿಲ್ಲ.

ಹಾಗಾದರೆ ಒಡೆತನ ಎಲ್ಲಿದೆ? ಕೊಂಡಿ ಕೊಂಡಿಯಾಗಿ ಹೆಣೆದುಕೊಂಡು ಬಂದ ಸರಪಣಿಯಲ್ಲಿದೆ. ಅದರ ತುದಿಯನ್ನು ಹಿಡಿಯಬೇಕಾದದ್ದು ಸಬ್-ರಿಜಿಸ್ಟ್ರಾರ್ ಕಛೇರಿಯಲ್ಲಿ. ಕರ್ನಾಟಕದಲ್ಲಿ 1-4-2004ರಿಂದ ಈಚಿನ ಋಣಭಾರ ಪತ್ರ, ಅಂದರೆ ಇ.ಸಿ., 'ಕಾವೇರಿ' ತಂತ್ರಾಂಶದಲ್ಲಿ ಮನೆಯಲ್ಲೇ ಕುಳಿತು ಪಡೆಯಬಹುದು. ಅದಕ್ಕೆ ಹಿಂದಿನದಕ್ಕೆ ಕೈಬರಹದ ಪುಸ್ತಕಗಳನ್ನು ಹುಡುಕಿಸಬೇಕು. ಹೆಚ್ಚಿನವರು ಮಾಡುವ ತಪ್ಪು ಇಲ್ಲೇ. 2004ರಿಂದ ಈಚೆಗೆ ಏನೂ ಇಲ್ಲವೆಂಬ ಪತ್ರ ಕೈಗೆ ಬಂದೊಡನೆ 'ಇ.ಸಿ. ಶುದ್ಧವಾಗಿದೆ' ಎಂದು ನಿಟ್ಟುಸಿರು ಬಿಡುತ್ತಾರೆ. ನಮ್ಮ ಉದಾಹರಣೆಯ ಮನೆಯಲ್ಲಿ ನಡೆದದ್ದೆಲ್ಲ 2004ಕ್ಕೆ ಮುಂಚೆಯೇ ನಡೆದು ಮುಗಿದಿದೆ!

ರಿಜಿಸ್ಟ್ರಾರ್ ಕಛೇರಿಯ ಒಂದನೇ ಪುಸ್ತಕದಲ್ಲಿ ಸ್ಥಿರಸ್ವತ್ತಿನ ಪತ್ರಗಳ ನಕಲು ಇರುತ್ತದೆ. ಅದಕ್ಕೆ ಎರಡು ಸೂಚಿಗಳು: ಒಂದು ಬರೆದುಕೊಟ್ಟವರ ಮತ್ತು ಬರೆಸಿಕೊಂಡವರ ಹೆಸರಿನದು, ಇನ್ನೊಂದು ಸ್ವತ್ತಿನದು. ಇವನ್ನು ಶುಲ್ಕ ಕಟ್ಟಿ ಯಾರು ಬೇಕಾದರೂ ನೋಡಬಹುದು, ದೃಢೀಕೃತ ನಕಲು ಪಡೆಯಬಹುದು. 1908ರ ನೋಂದಣಿ ಕಾಯಿದೆಯ 57ನೆಯ ಕಲಮು ಕೊಟ್ಟಿರುವ ಹಕ್ಕು ಅದು. 'ನೀವು ಯಾರು, ನಿಮಗೇಕೆ' ಎಂದು ಕೇಳಿದರೆ ಹೆದರಿ ಹಿಂದಿರುಗಬೇಕಾಗಿಲ್ಲ. ಹಳೆಯ ಪತ್ರ ಹುಡುಕಲು ಮನೆಯ ನಂಬರಿಗಿಂತ ಹೆಸರೇ ಒಳ್ಳೆಯ ದಾರಿ. ಖಾನೇಷುಮಾರಿ ನಂಬರು ಒಮ್ಮೆ, ಅಸೆಸ್‌ಮೆಂಟ್ ನಂಬರು ಇನ್ನೊಮ್ಮೆ, ಹೀಗೆ ನಂಬರುಗಳು ಬದಲಾಗುತ್ತಲೇ ಬಂದಿರುತ್ತವೆ. ತಾತನ ಹೆಸರು, ಅವರ ತಂದೆಯ ಹೆಸರು, ಕೊಂಡ ವರ್ಷದ ಅಂದಾಜು, ಇವಿಷ್ಟು ಬರೆದುಕೊಂಡು ಹೋದರೆ ಕೆಲಸ ಸಾಗುತ್ತದೆ.

1931ರ ಕ್ರಯಪತ್ರ ಸಿಕ್ಕಿತು ಎಂದಿಟ್ಟುಕೊಳ್ಳೋಣ. ಅದನ್ನು ನಿಧಾನವಾಗಿ ಓದಬೇಕು. ಮನೆಯ ಅಳತೆ ಅಡಿಯಲ್ಲಿ ಇರದೆ ಅಂಕಣದಲ್ಲೋ ಗಜದಲ್ಲೋ ಇರಬಹುದು. ಚಕ್ಕುಬಂದಿಯಲ್ಲಿ ಪೂರ್ವಕ್ಕೆ ಇಂಥವರ ಮಗ್ಗದ ಮನೆ, ಪಶ್ಚಿಮಕ್ಕೆ ಓಣಿ, ಉತ್ತರಕ್ಕೆ ಇಂಥವರ ಹಿತ್ತಲು, ದಕ್ಷಿಣಕ್ಕೆ ರಾಜಬೀದಿ ಎಂದಿರುತ್ತದೆ. ಆ 'ಇಂಥವರು' ಈಗ ಇಲ್ಲ. ಅವರ ಮನೆ ಮೂರು ಕೈ ದಾಟಿರುತ್ತದೆ. ಆದ್ದರಿಂದ ಪಕ್ಕದ ಮನೆಯವರ ಪತ್ರವನ್ನೂ ನೋಡಿದರೆ ಎರಡೂ ಒಂದಕ್ಕೊಂದು ಸಾಕ್ಷಿ ಹೇಳುತ್ತವೆ: ಅವರ ಪತ್ರದಲ್ಲಿ ಪಶ್ಚಿಮಕ್ಕೆ ನಿಮ್ಮ ತಾತನ ಹೆಸರು ಇರಲೇಬೇಕು. ಮಾಡನ್ನೂ ಒಮ್ಮೆ ನೋಡಿ. ಪತ್ರದಲ್ಲಿ ಐದು ಅಂಕಣ ನಾಡಹೆಂಚು ಎಂದಿದ್ದು, ನಿಂತಿರುವ ಮನೆ ಏಳು ಅಂಕಣವಾಗಿ, ಎರಡಕ್ಕೆ ಮಂಗಳೂರು ಹೆಂಚು ಇದ್ದರೆ ಆ ಎರಡು ಅಂಕಣದ ಜಾಗ ಎಲ್ಲಿಂದ ಬಂತು ಎಂದು ಕೇಳಬೇಕಾಗುತ್ತದೆ. ಒತ್ತುವರಿಯೂ ಇರಬಹುದು, ಸಿಗದೇ ಹೋದ ಇನ್ನೊಂದು ಕ್ರಯಪತ್ರವೂ ಇರಬಹುದು.

ಪತ್ರದಲ್ಲಿ ಇನ್ನೊಂದು ವಾಕ್ಯ ಬಹಳ ಮುಖ್ಯ: ತಾತ ಯಾವ ಹಣದಿಂದ ಕೊಂಡರು? ಸ್ವಂತ ದುಡಿಮೆಯೇ, ಪಿತ್ರಾರ್ಜಿತ ಜಮೀನಿನ ಹುಟ್ಟುವಳಿಯೇ? ಮುಂದಿನ ಲೆಕ್ಕವೆಲ್ಲ ಇದರ ಮೇಲೆ ನಿಂತಿದೆ. ನಮ್ಮ ಮನೆಯಲ್ಲಿ ಅದು ಜಮೀನಿನ ಹುಟ್ಟುವಳಿ, ಆದ್ದರಿಂದ ಒಟ್ಟು ಕುಟುಂಬದ ಸ್ವತ್ತು.

1938ರ ಭೋಗ್ಯದ ಪತ್ರವೂ ಅದೇ ಪುಸ್ತಕದಲ್ಲಿ ಸಿಗುತ್ತದೆ. ಅದು ತೀರಿದ ಬಗ್ಗೆ ಮಾತ್ರ ಏನೂ ಇಲ್ಲ. ಹಿಂದಿನವರು ಹಣ ಕೊಟ್ಟು ಮೂಲಪತ್ರವನ್ನು ಹಿಂದಕ್ಕೆ ಪಡೆದು, ಅದರ ಬೆನ್ನಿನ ಮೇಲೆ 'ಪೂರಾ ಸಂದಾಯವಾಯಿತು' ಎಂದು ಷರಾ ಬರೆಸಿಕೊಂಡು ಸುಮ್ಮನಾಗುತ್ತಿದ್ದರು. ಷರಾ ಬರೆದ ಆ ಕಾಗದ ಮನೆಯ ಪೆಟ್ಟಿಗೆಯಲ್ಲಿದ್ದರೆ ಚಿನ್ನದಂತೆ ಕಾಪಾಡಿ. ಇಲ್ಲದಿದ್ದರೂ ಮನೆ ನಿಮ್ಮ ಸ್ವಾಧೀನದಲ್ಲಿರುವುದರಿಂದ ಸಾಹುಕಾರರ ಮೊಮ್ಮಕ್ಕಳು ಬಂದು ಇಂದು ಹಣ ಕೇಳುವ ಭಯವಿಲ್ಲ. ಕಾಲಮಿತಿ ಎಂದೋ ದಾಟಿದೆ. ತೊಡಕು ಹುಟ್ಟುವುದು ಇದರ ತಿರುವುಮುರುವಾದಾಗ. ಭೋಗ್ಯಕ್ಕೆ ಪಡೆದವರು ಮನೆ ಬಿಡದೆ ಮೂರು ತಲೆಮಾರಿನಿಂದ ಕುಳಿತಿದ್ದರೆ? ಎಷ್ಟೋ ಕಾಲವಾಯಿತು, ಮನೆ ಅವರದೇ ಆಗಿಹೋಯಿತು ಎಂದು ಜನ ತಿಳಿಯುತ್ತಾರೆ. ಹಾಗಲ್ಲ. ಸ್ವಾಧೀನ ಕೊಟ್ಟ ಭೋಗ್ಯದಲ್ಲಿ ಬಿಡಿಸಿಕೊಳ್ಳುವ ಹಕ್ಕಿಗೆ ಪತ್ರ ಬರೆದ ದಿನದಿಂದ ಕಾಲಮಿತಿ ಎಣಿಸಲಾಗದು ಎಂದು 2014ರಲ್ಲಿ ಸಿಂಗ್ ರಾಮ್ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು ತೀರ್ಮಾನಿಸಿದೆ. ಭೋಗ್ಯದ ಮನೆಯನ್ನು ಸ್ವಂತದ್ದೆಂದು ಮಾರಲು ಬಂದವರಿಂದ ಕೊಳ್ಳುವವರು ಇದನ್ನು ನೆನಪಿನಲ್ಲಿಡಬೇಕು.

ಇಷ್ಟರವರೆಗೆ ಕಛೇರಿಯ ಪುಸ್ತಕ ಜೊತೆಗಿತ್ತು. 1949ರಿಂದ ಮುಂದಕ್ಕೆ ಅದು ಕೈಬಿಡುತ್ತದೆ. ಸಾವು ಋಣಭಾರ ಪತ್ರದಲ್ಲಿ ದಾಖಲಾಗುವುದಿಲ್ಲ. ಬಾಯಿಮಾತಿನ ಪಾಲೂ ದಾಖಲಾಗುವುದಿಲ್ಲ. ಉಯಿಲುಗಳಿಗೆ ಬೇರೆಯೇ ಪುಸ್ತಕ, ಅದೂ ನೋಂದಾಯಿಸಿದ್ದರೆ. ಉಯಿಲಿಗೆ ನೋಂದಣಿ ಕಡ್ಡಾಯವಲ್ಲ. ಹಳೆಯ ಮನೆಗಳ ಸರಪಣಿಯಲ್ಲಿ ಕೊಂಡಿ ಕಳಚುವುದು ಮಾರಾಟದಲ್ಲಿ ಅಪರೂಪ, ಮರಣದಲ್ಲಿ ಹೆಚ್ಚು. ಬೀಗರಿಗೂ ವಕೀಲರಿಗೂ ಜಗಳ ಹಚ್ಚುವುದು ಈ ಕಳಚಿದ ಕೊಂಡಿಗಳೇ. ಇಲ್ಲಿಂದ ಮುಂದೆ ಸಹಾಯಕ್ಕೆ ಬರುವುದು ವಂಶವೃಕ್ಷ, ಮರಣದ ದಾಖಲೆ, ಮತ್ತು ಆಯಾ ದಿನ ಜಾರಿಯಲ್ಲಿದ್ದ ಕಾಯಿದೆ.

ಆಯಾ ದಿನ ಎಂಬ ಮಾತನ್ನು ಒತ್ತಿ ಹೇಳಬೇಕು. ಆಯಾ ಸೀಮೆ ಎಂಬುದನ್ನೂ ಸೇರಿಸಬಹುದು. ಮಂಗಳೂರು, ಪುತ್ತೂರು, ಕಾಸರಗೋಡು ಕಡೆಯ ಸದಸ್ಯರ ಹಳೆಯ ಮನೆಗಳು ಮದ್ರಾಸ್ ಪ್ರಾಂತ್ಯದಲ್ಲಿದ್ದವು. ಅಲ್ಲಿ ಅಳಿಯಸಂತಾನ, ಮೂಲಗೇಣಿ ಎಂಬ ಬೇರೆ ವಿಚಾರಗಳಿವೆ. ಕೊಡಗಿನವರ ಜಮ್ಮಾ ಹಿಡುವಳಿಯ ದಾರಿ ಇನ್ನೊಂದು. ಆನೇಕಲ್ ಮೈಸೂರು ಸಂಸ್ಥಾನಕ್ಕೆ ಸೇರಿದ್ದು. ಮೈಸೂರಿನಲ್ಲಿ 1933ರಲ್ಲೇ ಹಿಂದೂ ಸ್ತ್ರೀಯರ ಹಕ್ಕುಗಳ ಕಾಯಿದೆಯಾಗಿತ್ತು. ಅಣ್ಣತಮ್ಮಂದಿರು ಪಾಲಾಗುವಾಗ ಅವರ ತಾಯಿಗೂ ಮದುವೆಯಾಗದ ಸೋದರಿಯರಿಗೂ ಒಂದು ಪಾಲು ಕೊಡಬೇಕೆಂದು ಅದು ವಿಧಿಸಿತ್ತು. ಗಂಡುಮಕ್ಕಳ ಪಾಲಿನಷ್ಟು ದೊಡ್ಡದಲ್ಲ, ಆದರೆ ದಯೆಯ ಅನ್ನವಲ್ಲ, ಹಕ್ಕು. ಈ ಕಾಯಿದೆಯನ್ನು ಈಗಿನ ವಕೀಲರಲ್ಲೇ ಕೆಲವರು ಮರೆತಂತೆ ಕಾಣುತ್ತದೆ.

ನಮ್ಮ ಉದಾಹರಣೆಯಲ್ಲಿ 1952ರ ಪಾಲಿನ ವೇಳೆಗೆ ಅಜ್ಜಿ ಇದ್ದರು, ಮದುವೆಯಾಗದ ಸೋದರತ್ತೆಯೂ ಇದ್ದರು. ಅತ್ತೆಗೆ ಏನನ್ನೂ ಕೊಡಲಿಲ್ಲ. ಮೂರು ವರ್ಷದ ಮೇಲೆ ಹೊಸೂರಿಗೆ ಮದುವೆ ಮಾಡಿ ಕಳಿಸಿದರು. ಆ ಪಾಲನ್ನು ಇಷ್ಟು ಕಾಲದ ಮೇಲೆ ಕೇಳುವುದು ಬಹಳ ಕಷ್ಟ. ಅಜ್ಜಿಯ ಎರಡು ಅಂಕಣದ ಕಥೆ ಬೇರೆ.

1952ರ ಆ ಪಾಲುಪಟ್ಟಿ ಒಂದು ಹಾಳೆಯ ಕಾಗದ, ನೋಂದಣಿಯಾಗಿಲ್ಲ. ಅದು ಉಪಯೋಗಕ್ಕೆ ಬರುತ್ತದೆಯೇ? ಒಂದು ಕ್ರಿಯಾಪದವನ್ನು ನೋಡಿ ಹೇಳಬೇಕು. 'ಹಿಂದೆ ಪಂಚರ ಮುಂದೆ ಮಾಡಿಕೊಂಡ ಪಾಲನ್ನು ಜ್ಞಾಪಕಕ್ಕಾಗಿ ಬರೆದಿಟ್ಟಿದೆ' ಎಂದಿದ್ದರೆ ಅದು ಜ್ಞಾಪಕಪತ್ರ. ಅದಕ್ಕೆ ನೋಂದಣಿ ಬೇಕಾಗಿಲ್ಲ. 'ಈ ದಿನ ಈ ಪತ್ರದ ಮೂಲಕ ಪಾಲು ಮಾಡಿಕೊಂಡಿದ್ದೇವೆ' ಎಂದಿದ್ದರೆ ಅದೇ ವಿಭಾಗಪತ್ರವಾಗುತ್ತದೆ. ನೋಂದಣಿಯಿಲ್ಲದೆ ಹಕ್ಕಿನ ಆಧಾರವಾಗಿ ನಿಲ್ಲದು. ಅಣ್ಣತಮ್ಮಂದಿರು ಅಂದಿನಿಂದ ಬೇರೆಯಾಗಿ ಬಾಳಿದರು ಎಂಬುದನ್ನು ತೋರಿಸಲಿಕ್ಕೆ ಮಾತ್ರ ಬಂದೀತು. ಪತ್ರ ಬರೆಯುವವರ ಕೈಯಲ್ಲಿ ಎಂಥ ಅಧಿಕಾರವಿತ್ತು ನೋಡಿ. ಅಂದ ಹಾಗೆ, ಮುಂದೆ ಕುಟುಂಬದವರು ಹೊಸೂರು ಕಡೆಯ ಜಮೀನನ್ನೂ ಈ ಮನೆಯನ್ನೂ ಸೇರಿಸಿ ಯಾವುದಾದರೂ ಪತ್ರ ನೋಂದಾಯಿಸಿದ್ದರೆ ಅದು ಗಡಿಯಾಚೆಯ ಕಛೇರಿಯಲ್ಲಿ ನಡೆದಿರಬಹುದು. ಸ್ವತ್ತಿನ ಯಾವ ಭಾಗ ಎಲ್ಲಿದ್ದರೂ ಅಲ್ಲಿಯ ಕಛೇರಿಯಲ್ಲಿ ನೋಂದಾಯಿಸಲು ಕಾಯಿದೆ ಅವಕಾಶ ಕೊಡುತ್ತದೆ. ಆನೇಕಲ್ಲಿನಲ್ಲಿ ಸಿಗದಿದ್ದರೆ ಅಲ್ಲಿಯೂ ಹುಡುಕಿಸಿ.

ಈಗ ಅಜ್ಜಿಯ ಎರಡು ಅಂಕಣ. 'ಬದುಕಿರುವವರೆಗೆ' ಎಂದು ಕೊಟ್ಟದ್ದರಿಂದ 1968ರಲ್ಲಿ ಅದು ತಾನಾಗಿಯೇ ಹಿರಿಯ ಮಗನಿಗೆ ಬಂತು ಎಂಬುದು ಮನೆಯವರೆಲ್ಲರ ನಂಬಿಕೆ. 1956ರ ಜೂನ್ 17ರಂದು ಜಾರಿಗೆ ಬಂದ ಹಿಂದೂ ಉತ್ತರಾಧಿಕಾರ ಕಾಯಿದೆಯ 14ನೆಯ ಕಲಮು ಈ ನಂಬಿಕೆಯನ್ನು ಬುಡಮೇಲು ಮಾಡುತ್ತದೆ. ಜೀವನಾಂಶದ ಹಕ್ಕಿಗೆ ಬದಲಾಗಿ ಹೆಂಗಸಿನ ಸ್ವಾಧೀನಕ್ಕೆ ಬಂದಿದ್ದ ಸ್ವತ್ತು ಅಂದಿನಿಂದ ಆಕೆಯ ಪೂರ್ಣ ಸ್ವತ್ತಾಗುತ್ತದೆ. ಪತ್ರದಲ್ಲಿ 'ಜೀವಿತಕಾಲ ಮಾತ್ರ' ಎಂದು ಬರೆದಿದ್ದರೂ ಆಗುತ್ತದೆ. ಸುಪ್ರೀಂ ಕೋರ್ಟು 1977ರ ತುಳಸಮ್ಮ ಮೊಕದ್ದಮೆಯಲ್ಲಿ ಇದನ್ನು ವಿಸ್ತಾರವಾಗಿ ಹೇಳಿದೆ. ಹಾಗಾಗಿ 1956ರಲ್ಲಿ ಆ ಕೋಣೆಯಲ್ಲಿ ವಾಸವಾಗಿದ್ದ ಅಜ್ಜಿ, ತನಗೇ ತಿಳಿಯದೆ, ಅದರ ಪೂರ್ಣ ಒಡತಿಯಾದರು. 1968ರಲ್ಲಿ ಅವರು ಉಯಿಲಿಲ್ಲದೆ ತೀರಿಕೊಂಡಾಗ ಆ ಎರಡು ಅಂಕಣ ಅವರ ಮೂವರು ಮಕ್ಕಳಿಗೂ ಸಮನಾಗಿ ಹೋಯಿತು: ಹಿರಿಯ ಮಗ, ಹೊಲ ಪಡೆದು ಮನೆಯ ಆಸೆ ಬಿಟ್ಟಿದ್ದ ಚಿಕ್ಕಪ್ಪ, ಮತ್ತು ಹೊಸೂರಿನ ಅತ್ತೆ. ಇವರಲ್ಲಿ ಇಬ್ಬರ ಹೆಸರು ಅಣ್ಣ ಕಳಿಸಿದ ಕರಡಿನಲ್ಲಿ ಎಲ್ಲಿಯೂ ಇಲ್ಲ.

ಉಳಿದ ಐದು ಅಂಕಣ ಮತ್ತು ಹಿತ್ತಲಿಗೆ ಬರೋಣ. 1983ರಲ್ಲಿ ತಂದೆ ತೀರಿಕೊಂಡರು. ಆಗಿನ ಕಾಯಿದೆಯ ಪ್ರಕಾರ ಲೆಕ್ಕ ಹೀಗೆ. ಸಾವಿನ ಹಿಂದಿನ ಗಳಿಗೆ ತಂದೆ ಮತ್ತು ಇಬ್ಬರು ಗಂಡುಮಕ್ಕಳ ನಡುವೆ ಪಾಲಾಯಿತು ಎಂದು ಭಾವಿಸಬೇಕು, ಮೂವರಿಗೂ ಮೂರರಲ್ಲೊಂದು. ತಂದೆಯ ಆ ಮೂರರಲ್ಲೊಂದು ನಾಲ್ವರು ಮಕ್ಕಳಿಗೂ ಸಮನಾಗಿ ಹಂಚಿಕೆ. ಆಗ ಹೆಣ್ಣುಮಗಳಿಗೆ ಬಂದದ್ದು ಹನ್ನೆರಡರಲ್ಲಿ ಒಂದು, ಗಂಡುಮಗನಿಗೆ ಹನ್ನೆರಡರಲ್ಲಿ ಐದು. ಅಷ್ಟು ಸಣ್ಣ ಪಾಲನ್ನೂ ಆಕೆ ಕೇಳಿ ಪಡೆಯುವಂತಿರಲಿಲ್ಲ. ಕುಟುಂಬ ವಾಸವಾಗಿರುವ ಮನೆಯನ್ನು ಗಂಡು ವಾರಸುದಾರರು ತಾವಾಗಿ ಹಂಚಿಕೊಳ್ಳುವವರೆಗೆ ಹೆಣ್ಣು ವಾರಸುದಾರರು ಪಾಲು ಕೇಳಬಾರದು ಎಂದು 23ನೆಯ ಕಲಮು ತಡೆದಿತ್ತು. ಕರ್ನಾಟಕ 1994ರಲ್ಲಿ ತಿದ್ದುಪಡಿ ತಂದು ಹೆಣ್ಣುಮಕ್ಕಳಿಗೂ ಹುಟ್ಟಿನಿಂದ ಹಕ್ಕು ಕೊಟ್ಟಿತು. ಆದರೆ ಆ ಜುಲೈ 30ಕ್ಕೆ ಮೊದಲು ಮದುವೆಯಾದವರಿಗೆ ಅದು ಸಿಗಲಿಲ್ಲ. ನಮ್ಮ ಮನೆಯಾಕೆಯ ಮದುವೆ 1987ರಲ್ಲಿ, ತಂಗಿಯದು ಅದಕ್ಕೂ ಎರಡು ವರ್ಷದ ಮೇಲೆ.

2005ರ ಸೆಪ್ಟೆಂಬರ್ 9ರಿಂದ ಚಿತ್ರ ಬದಲಾಯಿತು. ಕೇಂದ್ರದ ತಿದ್ದುಪಡಿ ಮದುವೆಯಾದವರು, ಆಗದವರು ಎಂಬ ಭೇದವಿಲ್ಲದೆ ಮಗಳನ್ನು ಮಗನಂತೆಯೇ ಪಾಲುದಾರಳನ್ನಾಗಿ ಮಾಡಿತು. 23ನೆಯ ಕಲಮನ್ನು ಕಿತ್ತುಹಾಕಿತು. ತಂದೆ 2005ಕ್ಕೆ ಮೊದಲೇ ತೀರಿಕೊಂಡಿದ್ದರೆ ಹೇಗೆ ಎಂಬ ಸಂದೇಹ ಹದಿನೈದು ವರ್ಷ ನ್ಯಾಯಾಲಯಗಳನ್ನು ಸುತ್ತಿಸಿತು. 2020ರ ಆಗಸ್ಟ್ 11ರ ವಿನೀತಾ ಶರ್ಮ ತೀರ್ಪು ಅದನ್ನು ಬಗೆಹರಿಸಿತು. ಹಕ್ಕು ಹುಟ್ಟಿನಿಂದ ಬಂದದ್ದು, ತಂದೆ 2005ರಲ್ಲಿ ಬದುಕಿರಬೇಕೆಂದಿಲ್ಲ. 1983ರ ಆ ಭಾವಿಸಿದ ಪಾಲು ನಿಜವಾದ ಪಾಲಲ್ಲ. 2004ರ ಡಿಸೆಂಬರ್ 20ಕ್ಕೆ ಮೊದಲೇ ನೋಂದಾಯಿತ ವಿಭಾಗಪತ್ರದಿಂದಲೋ ನ್ಯಾಯಾಲಯದ ಡಿಕ್ರಿಯಿಂದಲೋ ಪಾಲಾಗಿ ಹೋಗಿದ್ದರೆ ಮಾತ್ರ ಅದನ್ನು ಕೆದಕುವಂತಿಲ್ಲ. 'ನಾನೂ ತಮ್ಮನೂ 1990ರಲ್ಲೇ ಬಾಯಿಮಾತಿನಲ್ಲಿ ಪಾಲಾದೆವು' ಎಂದು ಅಣ್ಣ ಈಗ ಹೇಳಿದರೆ, ಅಂದಿನ ಸಾರ್ವಜನಿಕ ದಾಖಲೆಗಳಿಂದ ಅದು ಸಿದ್ಧವಾಗದ ಹೊರತು ನ್ಯಾಯಾಲಯ ಒಪ್ಪುವುದಿಲ್ಲ. ಹನ್ನೆರಡರಲ್ಲಿ ಒಂದಿದ್ದ ಪಾಲು ಹೀಗೆ ನಾಲ್ಕರಲ್ಲಿ ಒಂದಾಯಿತು. ಮೂರು ಪಟ್ಟು. ಅರಿಶಿನ ಕುಂಕುಮದ ಮೊತ್ತವನ್ನು ಇದರ ಪಕ್ಕದಲ್ಲಿಟ್ಟು ನೋಡಿಕೊಳ್ಳಬಹುದು.

ಹಿತ್ತಲಿನ ವಿಚಾರ ಚಿಕ್ಕದು. 2004ರ ಆ ತಾರೀಖಿಗೆ ಮೊದಲು ನಡೆದ ಮಾರಾಟಗಳನ್ನು ತಿದ್ದುಪಡಿ ಮುಟ್ಟುವುದಿಲ್ಲ ನಿಜ. ಆದರೆ 1994ರಲ್ಲಿ ನಡೆದದ್ದು ಮಾರಾಟವೇ? ಜಿ.ಪಿ.ಎ. ಮತ್ತು ಕರಾರುಪತ್ರದಿಂದ ಸ್ಥಿರಸ್ವತ್ತಿನ ಒಡೆತನ ವರ್ಗವಾಗದು, ಅದಕ್ಕೆ ನೋಂದಾಯಿತ ಕ್ರಯಪತ್ರವೇ ಬೇಕು ಎಂದು 2011ರ ಸೂರಜ್ ಲ್ಯಾಂಪ್ ತೀರ್ಪು ಸ್ಪಷ್ಟಪಡಿಸಿದೆ. ಹಣ ಕೊಟ್ಟು ಸ್ವಾಧೀನ ಪಡೆದವರಿಗೆ ಸ್ವಲ್ಪ ರಕ್ಷಣೆ ಸಿಗಬಹುದು, ಒಡೆತನ ಸಿಕ್ಕಿಲ್ಲ. ಆನೇಕಲ್ ಸುತ್ತಮುತ್ತ ಮಗನಿಗೋ ಮಗಳಿಗೋ ನಿವೇಶನ ಕೊಳ್ಳಲು ಹೊರಟಿರುವ ಸದಸ್ಯರು ಜಿ.ಪಿ.ಎ. ಎಂಬ ಮೂರು ಅಕ್ಷರ ಕಂಡಲ್ಲಿ ನಿಲ್ಲುವುದು ಒಳ್ಳೆಯದು.

ಇಷ್ಟೆಲ್ಲ ಹಳೆಯ ಸಂಗತಿ ಈಗ ಏಕೆ ಏಳುತ್ತಿದೆ ಎಂದರೆ ಇ-ಖಾತೆಯಿಂದ. 2024ರ ಅಕ್ಟೋಬರಿನಿಂದ ರಾಜ್ಯದ ಪಟ್ಟಣಗಳಲ್ಲಿ ಇ-ಖಾತೆಯಿಲ್ಲದೆ ಕ್ರಯ ನೋ೦ದಣಿಯಾಗುತ್ತಿಲ್ಲ. ಖಾತೆ ಅಣ್ಣನೊಬ್ಬನ ಹೆಸರಿನಲ್ಲೇ ಇರುವುದರಿಂದ ಇ-ಖಾತೆಯೂ ಅವನೊಬ್ಬನ ಹೆಸರಿಗೇ ಬರುವ ಸಂಭವ ಹೆಚ್ಚು. ಆದರೂ ಕೊಳ್ಳುವವರ ವಕೀಲರು ಅಥವಾ ಸಾಲ ಕೊಡುವ ಬ್ಯಾಂಕಿನವರು ವಂಶವೃಕ್ಷ ಕೇಳುತ್ತಾರೆ. ಅದರಲ್ಲಿ ತಂಗಿಯರು ಕಾಣುತ್ತಾರೆ. ಅದಕ್ಕೇ ಲಕೋಟೆ ಬಂದದ್ದು. ಹಕ್ಕಿಲ್ಲದವರಿಂದ ಯಾರೂ ಬಿಡುಗಡೆ ಪತ್ರ ಬರೆಸಿಕೊಳ್ಳುವುದಿಲ್ಲ.

ಹಾಗಾದರೆ ಮನೆಯಾಕೆ ಏನು ಮಾಡಬೇಕು? ರುಜು ಹಾಕಲೇಬಾರದೆಂದು ನಾವು ಹೇಳುವುದಿಲ್ಲ. ತವರಿನ ನಂಟನ್ನು ರೂಪಾಯಿಯಲ್ಲಿ ಅಳೆಯಲಾಗದು. ತಂದೆತಾಯಿಯನ್ನು ಕೊನೆಯವರೆಗೆ ನೋಡಿಕೊಂಡ ಅಣ್ಣನಿಗೆ ತಿಳಿದೂ ತಿಳಿದೂ ಪಾಲು ಬಿಟ್ಟುಕೊಟ್ಟ ಹೆಣ್ಣುಮಕ್ಕಳಿದ್ದಾರೆ. ಬಿಟ್ಟುಕೊಡುವುದಾದರೆ ಎಷ್ಟನ್ನು ಬಿಡುತ್ತಿದ್ದೇನೆ ಎಂದು ತಿಳಿದು ಬಿಡಲಿ. ಬಿಡುಗಡೆ ಪತ್ರ ನೋಂದಣಿಯಾದ ಮೇಲೆ, ಮೋಸ ಅಥವಾ ಬಲವಂತ ಸಿದ್ಧವಾದರಲ್ಲದೆ, ಹಿಂದಕ್ಕೆ ಪಡೆಯಲಾಗದು. ಕರಡಿನಲ್ಲಿ 'ಪೂರ್ಣ ಪ್ರತಿಫಲ ಮುಟ್ಟಿದೆ' ಎಂದು ಬರೆದಿದ್ದರೆ ಆ ಹಣ ನಿಜವಾಗಿ ಖಾತೆಗೆ ಬಂದಿರಬೇಕು. ಖಾಲಿ ಕಾಗದಕ್ಕೆ, ಅಥವಾ ಮನೆಯ ವ್ಯವಹಾರ ನೋಡಿಕೊಳ್ಳಲಿಕ್ಕೆಂದು ಹೇಳುವ ಜಿ.ಪಿ.ಎ.ಗೆ ರುಜು ಬೇಡ.

ಒಪ್ಪದಿದ್ದರೆ ಪುರಸಭೆಯ ಮುಖ್ಯಾಧಿಕಾರಿಗೆ ಲಿಖಿತ ತಕರಾರು ಕೊಟ್ಟು ಸ್ವೀಕೃತಿ ಪಡೆಯಬೇಕು. ಅದರಿಂದ ಒಡೆತನ ತೀರ್ಮಾನವಾಗದು. ಪುರಸಭೆಗೆ ಆ ಅಧಿಕಾರವಿಲ್ಲ. ಆದರೆ ಕೊಳ್ಳುವವರು 'ನಮಗೆ ಗೊತ್ತಿರಲಿಲ್ಲ' ಎಂದು ಹೇಳುವುದು ಕಷ್ಟವಾಗುತ್ತದೆ. ಅಂತಿಮ ದಾರಿ ಪಾಲಿನ ದಾವೆ. ಆನೇಕಲ್ಲಿನಲ್ಲೇ ಸಿವಿಲ್ ನ್ಯಾಯಾಲಯವಿದೆ. ದಾವೆ ನಡೆಯುತ್ತಿರುವಾಗ ಯಾರು ಕೊಂಡರೂ ಅವರು ತೀರ್ಪಿಗೆ ಬದ್ಧರು. ದಾವೆ ಎಷ್ಟು ವರ್ಷ ಎಳೆಯುತ್ತದೆ ಎಂಬುದು ತೋಟದ ಗಡಿ ತಕರಾರು ಕಂಡ ನಮ್ಮವರಿಗೆ ತಿಳಿಯದ್ದೇನಲ್ಲ. ಇಬ್ಬರು ತಂಗಿಯರೂ ತಮ್ಮನೂ ಕೂಡಿ ಅಣ್ಣನೊಡನೆ ಕುಳಿತು, ನಾಲ್ವರೂ ಮಾರಾಟಗಾರರಾಗಿ ಒಂದೇ ಕ್ರಯಪತ್ರಕ್ಕೆ ರುಜು ಹಾಕಿ ಹಣವನ್ನು ನೇರವಾಗಿ ಹಂಚಿಕೊಳ್ಳುವುದು ಎಲ್ಲಕ್ಕಿಂತ ಅಗ್ಗದ ದಾರಿ.

ಆದರೆ ನಾಲ್ವರೂ ಒಪ್ಪಿದರೂ ಏಳು ಅಂಕಣವನ್ನು ಅವರು ಮಾರಲಾರರು. ಬೀದಿಗೆ ಮುಖವಾಗಿರುವ ಎರಡು ಅಂಕಣದಲ್ಲಿ ಅವರ ಕೈಗೆ ಬಂದಿರುವುದು ಮೂರರಲ್ಲೊಂದು ಮಾತ್ರ. ಇನ್ನೊಂದು ಚಿಕ್ಕಪ್ಪನ ಮಕ್ಕಳದು, ಮತ್ತೊಂದು ಅತ್ತೆಯ ಮಕ್ಕಳದು. ಚಿಕ್ಕಪ್ಪನ ಮಕ್ಕಳು ಅದೇ ಊರಿನವರು. ಅತ್ತೆಯ ಮಕ್ಕಳು ಈಗ ಎಲ್ಲಿದ್ದಾರೋ, ಮೊದಲು ಹೊಸೂರಿಗೆ ಹೋಗಿ ವಿಚಾರಿಸಬೇಕು.